ಕನ್ನಡಕದಜ್ಜ ಮೊದಲು ಕೇಳುತ್ತಿದ್ದ ಮಾತು

ಅವರ ಮೂಗಿನ ಎರಡೂ ಪಕ್ಕ ಒಂದೊಂದು ಕುಳಿ ಇತ್ತು. ಐವತ್ತು ವರ್ಷ ಕನ್ನಡಕ ಕೂತು ಕೂತು ಆದ ಕುಳಿ. ಮುಖ ತೊಳೆದುಕೊಂಡಾಗ ನೀರಿನ ಹನಿ ಅಲ್ಲಿ ನಿಂತುಬಿಡುತ್ತಿತ್ತು. ಹುರುಳಿಕಾಳು ಇಟ್ಟರೂ ಜಾರುವುದಿಲ್ಲ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ, ಒಂದು ಬೈಕ್ ಗ್ಯಾರೇಜಿನ ಪಕ್ಕ, ಅವರ ಕನ್ನಡಕದಂಗಡಿ. ಊರವರಿಗೆ ಅವರು ಕನ್ನಡಕದಜ್ಜ. ಗ್ಯಾರೇಜಿನ ಸಾಬರಿಗೆ ಚಷ್ಮಾ ಚಾಚಾ. ಮೊಳಕಾಲ್ಮುರಿನ ಕಡೆ ತೆಲುಗು ಮಾತಾಡುವವರಿಗೆ ಅದ್ದಾಲ ತಾತ. ನಮ್ಮ ಕ್ರೈಸ್ತ ಸಭೆಯ ಪಟ್ಟಿಯಲ್ಲಿ ಅವರಿಗೊಂದು ಹೆಸರಿತ್ತು ನಿಜ, ಆದರೆ ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಿದ್ದುದೇ ಕಡಿಮೆ.

ನಾನು ಆ ಊರಿಗೆ ಸಭಾಪಾಲಕನಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ದೇವಶಾಸ್ತ್ರ ಓದಿ ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ನಮ್ಮ ಸಭೆ ಸೇರುತ್ತಿದ್ದುದು ಎಣ್ಣೆ ಗಿರಣಿಯೊಂದರ ಹಿಂದಿನ ಬಾಡಿಗೆ ಹಾಲಿನಲ್ಲಿ. ಶೇಂಗಾ ಹಿಂಡಿಯ ವಾಸನೆಯಲ್ಲೇ ನಮ್ಮ ಪ್ರಾರ್ಥನೆ, ನಮ್ಮ ಹಾಡು. ಮೂವತ್ತೈದು ಜನ ಇದ್ದರು. ವರ್ಷ ತಿರುಗುವುದರೊಳಗೆ ನೂರು ಮಾಡುತ್ತೇನೆ ಎಂದು ಬಂದ ಮೊದಲ ವಾರವೇ ಘೋಷಿಸಿದೆ. ಕೊನೆಯ ಸಾಲಿನಲ್ಲಿ ಕೂತಿದ್ದ ಅಜ್ಜ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. ಅವರಿಗೆ ಒಪ್ಪಿಗೆಯಾಗದ ಮಾತು ಬಂದರೆ ಗಾಜು ಒರೆಸುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ನನ್ನ ಮೊದಲ ವರ್ಷ ಅವರ ಗಾಜಿನಷ್ಟು ಸ್ವಚ್ಛವಾದ ಗಾಜು ಊರಿನಲ್ಲಿ ಬೇರೆ ಇರಲಿಲ್ಲ.

ದಿನಾ ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ಸುವಾರ್ತೆಯ ಕರಪತ್ರ ಹಂಚುತ್ತಿದ್ದೆ. ಬಸ್ಸು ಹತ್ತುವ ಅವಸರದಲ್ಲಿರುವವರ ಕೈಗೆ ತುರುಕುತ್ತಿದ್ದೆ ಎಂದರೆ ಸರಿ. ಒಂದು ದಿನ ಅಜ್ಜ ಪೊಟ್ಟಣ ಹಿಡಿದು ಬಂದು ನನಗೂ ನಾಲ್ಕು ಹುರಿದ ಶೇಂಗಾ ಕೊಟ್ಟರು. ಪೊಟ್ಟಣ ನೋಡಿದರೆ ನನ್ನದೇ ಕರಪತ್ರ. "ನೀವು ಕೊಟ್ಟಾಗ ತಣ್ಣಗಿತ್ತು ಪಾಸ್ಟ್ರೇ, ಈಗ ಬಿಸಿಯಾಗೈತೆ, ತಗಳ್ರಿ" ಎಂದರು. ನನಗೆ ಸಿಟ್ಟು ಬಂತು. ಈ ಮನುಷ್ಯ ಹೆದರುಪುಕ್ಕಲ, ವ್ಯಾಪಾರ ಕೆಟ್ಟೀತೆಂದು ನಂಬಿಕೆಯನ್ನು ಮುಚ್ಚಿಟ್ಟುಕೊಂಡಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ.

ಮುಚ್ಚಿಟ್ಟುಕೊಂಡಿರಲಿಲ್ಲ. ಅಂಗಡಿಯ ಮೇಜಿನ ಮೇಲ್ಗಡೆ ಗೋಡೆಗೆ ಬೇವಿನ ಮರದ ಪುಟ್ಟ ಶಿಲುಬೆ ಇತ್ತು. ಬೆಳಿಗ್ಗೆ ಗಾಜುಗಳ ಪೆಟ್ಟಿಗೆ ತೆಗೆಯುವ ಮುಂಚೆ, ಗಿರಾಕಿ ಎದುರಿಗಿದ್ದರೂ, ತಲೆ ಬಗ್ಗಿಸಿ ಅರ್ಧ ನಿಮಿಷ ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಕಣ್ಣು ತೆರೆದು ಗಿರಾಕಿಯನ್ನು ಕೇಳುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ. "ಏನು ಕಾಣ್ಬೇಕು ನಿಮಗೆ?"

ಬೇರೆ ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕಿದ ಅಕ್ಷರದ ಹಲಗೆ ಓದಿಸುತ್ತಾರೆ. ಅದು ಇವರ ಹತ್ತಿರವೂ ಇತ್ತು, ಆದರೆ ಹತ್ತಿರದ ದೃಷ್ಟಿ ನೋಡುವಾಗ ಇವರ ದಾರಿಯೇ ಬೇರೆ. ತಗಡಿನ ಪೆಟ್ಟಿಗೆಯಲ್ಲಿ ಪರೀಕ್ಷೆಯ ಗಾಜುಗಳ ಜೊತೆಗೆ ಒಂದು ಸೂಜಿ, ರೇಷ್ಮೆ ನೂಲಿನ ಉಂಡೆ, ಡಬ್ಬಿಯಲ್ಲಿ ಕಲ್ಲು ಬೆರೆಸಿದ ಅಕ್ಕಿ, ಕನ್ನಡದ್ದೊಂದು ತೆಲುಗಿನದ್ದೊಂದು ಉರ್ದುವಿನದ್ದೊಂದು ಹಳೆ ಪತ್ರಿಕೆ ಇರುತ್ತಿದ್ದವು. ಹೆಣ್ಣುಮಗಳು ಬಂದು ಅಕ್ಕಿ ಆರಿಸುವಾಗ ಕಲ್ಲು ಕಾಣುವುದಿಲ್ಲ ಎಂದರೆ ಅಕ್ಕಿಯನ್ನೇ ಮುಂದೆ ಸುರಿಯುತ್ತಿದ್ದರು. ಒಮ್ಮೆ ವಯಸ್ಸಾದ ಸಾಬರೊಬ್ಬರು ತಮ್ಮ ಪವಿತ್ರ ಗ್ರಂಥದ ಅಕ್ಷರ ಮಸುಕಾಗಿದೆ ಎಂದು ಅದನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಅಜ್ಜ ಎದ್ದು ಮೇಜು ಒರೆಸಿ, ತಾವು ಮುಟ್ಟದೆ, ಅವರೇ ಬಿಚ್ಚಿ ಓದುವವರೆಗೆ ಕೈಕಟ್ಟಿ ಕೂತರು. ನಾನು ಅಲ್ಲೇ ಇದ್ದೆ. ಕ್ರೈಸ್ತನೊಬ್ಬ ಇದಕ್ಕೆಲ್ಲ ಗಾಜು ಹೊಂದಿಸಿ ಕೊಡಬೇಕೇ ಎಂದು ಒಳಗೇ ಕುದಿದೆ.

ಅವರು ತಿಂಗಳ ಎರಡನೇ ಶನಿವಾರ ಪೆಟ್ಟಿಗೆ ಹಿಡಿದು ಖಾಸಗಿ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ಹೋಗುತ್ತಿದ್ದರು. ರೇಷ್ಮೆ ಸೀರೆ ನೇಯುವವರಿಗೆ ನಲವತ್ತು ದಾಟುವಷ್ಟರಲ್ಲಿ ಕಣ್ಣು ಕೈಕೊಡುತ್ತದೆ. ನೇಕಾರರ ಬೀದಿಯ ಒಂದು ಜಗುಲಿಯ ಮೇಲೆ ಕೂತು ಮೂವತ್ತು ವರ್ಷದಿಂದ ಆ ಬೀದಿಯ ಕಣ್ಣುಗಳನ್ನೆಲ್ಲ ನೋಡಿಕೊಂಡು ಬಂದಿದ್ದರು. ನಾನು ಬಂದ ಎರಡನೆಯ ವರ್ಷ, ಅವರ ಮೊಣಕಾಲು ನೋವಿನಿಂದಾಗಿ, ಪೆಟ್ಟಿಗೆ ಹೊರಲು ಅವರ ಜೊತೆ ಹೋಗತೊಡಗಿದೆ. ನನ್ನ ಲೆಕ್ಕಾಚಾರ ಬೇರೆಯೇ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಶನಿವಾರ ಜನ ಬಹಳ. ಓದು ಬರುವವರ ಹತ್ತಿರದ ದೃಷ್ಟಿಯನ್ನು ನೀವೇ ನೋಡಿ ಎಂದು ಅಜ್ಜ ನನ್ನನ್ನು ಜಗುಲಿಯ ಇನ್ನೊಂದು ತುದಿಗೆ ಕೂರಿಸಿದರು. ಮೊದಲು ಬಂದವನು ನಲವತ್ತೈದರ ಒಬ್ಬ ನೇಕಾರ. ಅಂಚಿನ ಎಳೆ ಕಡಿದರೆ ಕಾಣದೆ ಹಾಗೇ ನೇಯ್ದುಬಿಡುತ್ತಿದ್ದ. ಎರಡು ಸೀರೆ ಹಾಗೇ ಕೆಟ್ಟಿದ್ದವು. ಮೂರನೆಯದೂ ಕೆಟ್ಟರೆ ನೂಲು ಬೇರೆಯವರಿಗೆ ಕೊಡುತ್ತೇನೆಂದು ಸಾಹುಕಾರ ಹೇಳಿಯಾಗಿತ್ತು. ಮನೆಯಲ್ಲಿದ್ದುದು ಅದೊಂದೇ ಮಗ್ಗ. ನಾನು ಅವನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಇಳಿಬಿಟ್ಟು, ಪೆಟ್ಟಿಗೆಯ ಪತ್ರಿಕೆಯನ್ನು ಬಿಟ್ಟು ನನ್ನ ಜೇಬಿನ ಕರಪತ್ರ ತೆಗೆದು ಕೈಗಿಟ್ಟೆ. "ಇದನ್ನ ಓದ್ರಿ, ಗಟ್ಟಿಯಾಗಿ."

ಅವನು ಓದಿದ. ಪೂರ್ತಿ ಓದಿದರೆ ಮಾತ್ರ ಕನ್ನಡಕ ಸಿಗುತ್ತದೆ ಎಂದುಕೊಂಡು ತಡವರಿಸುತ್ತಾ ಓದಿದ. ಕೊನೆಯಲ್ಲಿ "ನಾನು ನಿನ್ನವನು" ಎಂಬ ಅರ್ಥದ ಒಂದು ಪ್ರಾರ್ಥನೆಯಿತ್ತು, ಅದನ್ನೂ ಓದಿದ. ಬೀದಿಯವರೆಲ್ಲ ನಿಂತು ಕೇಳುತ್ತಿದ್ದರು. ಅಜ್ಜ ಆ ತುದಿಯಲ್ಲಿ ಒಬ್ಬ ಮುದುಕಿಗೆ ಸೂಜಿ ಪೋಣಿಸಲು ಕೊಟ್ಟು ಬಗ್ಗಿ ನೋಡುತ್ತಿದ್ದರು, ಇವನು ಓದುತ್ತಿರುವುದು ಏನೆಂದು ಅವರಿಗೆ ತಿಳಿಯಲಿಲ್ಲ. ನಾನು ಮರುದಿನ ಭಾನುವಾರ ಪೀಠದಲ್ಲಿ ನಿಂತು, ಮೊಳಕಾಲ್ಮುರಿನ ನೇಕಾರನೊಬ್ಬ ತನ್ನ ಬಾಯಾರೆ ಯೇಸುವನ್ನು ಒಪ್ಪಿ ಅರಿಕೆ ಮಾಡಿದ ಎಂದು ಸಾರಿದೆ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಗಾಜು ಒರೆಸುವುದು ನಡೆದಿತ್ತು.

ಬುಧವಾರ ಬಸ್ಸಿನ ಕಂಡಕ್ಟರ್ ಅಂಗಡಿಗೆ ಒಂದು ಪೊಟ್ಟಣ ತಂದುಕೊಟ್ಟ. ಒಳಗೆ ಅಂದು ಆ ನೇಕಾರನಿಗೆ ಕೊಟ್ಟಿದ್ದ ಕನ್ನಡಕ, ಅದರ ಜೊತೆ ನಾಲ್ಕು ಮಡಿಕೆಯಾದ ಕರಪತ್ರ. ನೇಕಾರ ಕಂಡಕ್ಟರನ ಬಾಯಲ್ಲಿ ಮಾತೊಂದನ್ನು ಹೇಳಿಕಳಿಸಿದ್ದ: "ಕನ್ನಡಕ ಬ್ಯಾಡ. ನಾನು ಓದಿದ್ನಲ್ಲ, ಅದನ್ನೂ ವಾಪಸ್ ತಗಳ್ರಿ." ಬೀದಿಯಲ್ಲಿ ಎಲ್ಲರೂ ಅವನನ್ನು ಕೆಣಕಿದ್ದರು. ಕನ್ನಡಕದ ಆಸೆಗೆ ದೇವರನ್ನು ಬಿಟ್ಟನೆಂದು ಅವನ ಅವ್ವ ಎರಡು ದಿನ ಊಟ ಬಿಟ್ಟಿದ್ದಳಂತೆ. ಇನ್ನು ಮೇಲೆ ಆ ಜಗುಲಿಯ ಮೇಲೆ ಪೆಟ್ಟಿಗೆ ಇಡುವುದು ಬೇಡ ಎಂದು ಹಿರಿಯರು ಹೇಳಿದ್ದರು.

ಅಜ್ಜ ನನ್ನನ್ನು ಬೈಯಲಿಲ್ಲ. ಪೊಟ್ಟಣವನ್ನು ಮೊದಲಿನಂತೆಯೇ ಕಟ್ಟಿ, ನಾಳೆ ಮೊದಲ ಬಸ್ಸಿಗೆ ಬನ್ನಿ ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ನಾನೇ ಬಾಯಿ ತೆರೆದೆ. ನಾನು ಸುಳ್ಳು ಹೇಳಿಲ್ಲ, ಬಲವಂತ ಮಾಡಿಲ್ಲ, ಓದಿ ಎಂದೆ, ಅವನು ಓದಿದ ಎಂದು ವಾದಿಸಿದೆ. ಅವರು ಕಿಟಕಿಯಾಚೆಯ ಬಂಡೆಗುಡ್ಡದ ಕಡೆ ಮುಖ ತಿರುಗಿಸಿದರು. ಆಮೇಲೆ ಹೇಳಿದರು: "ಕಣ್ಣು ಕಾಣ್ದೆ ಬಂದೋನು ನಮ್ಮ ಕೈಯಾಗೆ ಇರ್ತಾನೆ ಪಾಸ್ಟ್ರೇ. ಅವಾಗ ಏನು ಕೊಟ್ರೂ ಓದ್ತಾನೆ. ಯೇಸು ಸ್ವಾಮಿನೂ ಕುರುಡನ್ನ ಮೊದ್ಲು ಕೇಳಿದ್ರು, ನಿಂಗೆ ಏನಾಗ್ಬೇಕಪ್ಪಾ ಅಂತ. ನೀವು ಕೇಳ್ಲೇ ಇಲ್ಲ."

ಆ ಕಥೆಯ ಮೇಲೆ ನಾನು ಮೂರು ಸಲ ಉಪದೇಶ ಮಾಡಿದ್ದೆ.

ನೇಕಾರ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಏಳಲಿಲ್ಲ. ಅಜ್ಜ ನೋಯುವ ಮೊಣಕಾಲನ್ನು ಮಡಚಿ ಅವನ ಪಕ್ಕ ನೆಲದ ಮೇಲೆ ಕೂತರು. ಅವನ ಅವ್ವ ಒಳಬಾಗಿಲಲ್ಲಿ ನಿಂತಿದ್ದಳು. "ತಪ್ಪು ನಮ್ದಪ್ಪಾ" ಎಂದರು ಅಜ್ಜ. "ನೀನು ಓದಿದ್ದು ನಾವು ವಾಪಸ್ ತಗಂಡೀವಿ. ಅದು ನಿನ್ನ ಮ್ಯಾಲಿಲ್ಲ. ಈ ಕನ್ನಡಕಕ್ಕೂ ನಮ್ಮ ಸಭೆಗೂ ಏನೂ ಇಲ್ಲ, ಇದು ನಿನ್ನ ಕಣ್ಣಿಂದು." ಆಮೇಲೆ ನನ್ನ ಕಡೆ ನೋಡಿದರು. ನಾನೂ ಕೂತೆ, ತಪ್ಪಾಯಿತು ಎಂದೆ. ಉಪದೇಶದಲ್ಲಿ ನೂರು ಸಲ ಬಳಸಿದ್ದ ಆ ಮಾತನ್ನು ಒಬ್ಬನ ಎದುರು ಕೂತು ಹೇಳಿದ್ದು ಅದೇ ಮೊದಲು.

ನೇಕಾರ ಕನ್ನಡಕ ಹಾಕಿಕೊಂಡು ಮಗ್ಗದ ಮೇಲೆ ಬಗ್ಗಿದ. ಅಂಚಿನಲ್ಲಿ ಮೂರು ಎಳೆ ಕಡಿದಿದ್ದವು. ಒಂದೊಂದನ್ನೇ ಹುಡುಕಿ, ಬೆರಳಲ್ಲಿ ಹೊಸೆದು ಕೂಡಿಸಿದ. ಸೀರೆ ಉಳಿಯಿತು. ಅವನ ಅವ್ವ ಆವರೆಗೆ ಬಾಗಿಲಲ್ಲೇ ಇದ್ದವಳು ಮುಂದೆ ಬಂದು, ಇಷ್ಟು ವಯಸ್ಸಾದವರು ಇದೊಂದು ಮಾತಿಗೆ ಬಸ್ಸು ಹತ್ತಿ ಬಂದು ತಪ್ಪಾಯ್ತು ಅನ್ನುತ್ತೀರಲ್ಲ, ಯಾಕೆ ಎಂದು ಕೇಳಿದಳು.

"ನಾನು ನಂಬಿರೋ ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದೋರು ತಾಯೀ" ಎಂದರು ಅಜ್ಜ. "ಅವರ ಹೆಸರು ಹೇಳ್ಕಂಡು ನಿಮ್ಮ ಮನೆಯಾಗೆ ಅನ್ನ ಬಿಡಿಸಿದ್ರೆ, ನಾಳೆ ಅವರ ಮುಂದೆ ಯಾವ ಮುಖ ಇಟ್ಕಂಡು ನಿಲ್ಲಾನ?"

ಅವಳು ತಲೆದೂಗಿದಳು. ಅವಳೇ ಬಾಗಿಲು ತೆರೆದಿದ್ದಾಳೆ, ಸ್ವಾಮಿಯ ಬಗ್ಗೆ ಇನ್ನು ನಾಲ್ಕು ಮಾತು ಹೇಳಲಿ ಎಂದು ನಾನು ಅವರ ತೋಳು ತಿವಿದೆ. ಅವರು ಹೇಳಲಿಲ್ಲ. ಅವಳು ಮಜ್ಜಿಗೆ ತಂದಳು, ಕುಡಿದೆವು, ಆ ಸೀರೆಯ ಬಣ್ಣದ ಬಗ್ಗೆ ಮಾತಾಡಿ ಎದ್ದೆವು. ಮುಂದಿನ ಎರಡನೇ ಶನಿವಾರ ಜಗುಲಿಯನ್ನು ಯಾರೋ ಗುಡಿಸಿಟ್ಟಿದ್ದರು.

ಅಲ್ಲಿಂದಾಚೆ ನಾನು ಪೂರ್ತಿ ಮೂಕನಾದೆ. ಕರಪತ್ರ ಹಂಚುವುದು ಬಿಟ್ಟೆ, ಯಾರ ಎದುರಿಗೂ ಸ್ವಾಮಿಯ ಹೆಸರೆತ್ತುವುದನ್ನೂ ಬಿಟ್ಟೆ. ಕಾಲವೂ ಹಾಗಿತ್ತು. ಮತಾಂತರದ ಗಲಾಟೆಯ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ನನ್ನ ಮೌನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡು ಆರಾಮಾಗಿದ್ದೆ. ಒಂದು ಸಂಜೆ ಗ್ಯಾರೇಜಿನ ಸಾಬರು, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಬಂದು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಾ, ಸಾವು ಎದುರಿಗೆ ನಿಂತರೆ ನಿಮ್ಮಲ್ಲಿ ಏನು ನಂಬುತ್ತೀರಿ ಪಾಸ್ಟರ್ ಸಾಬ್ ಎಂದು ಕೇಳಿದರು. ಎಲ್ಲರೂ ಹೇಳುವುದು ಒಂದೇ ಅಲ್ಲವೇ ಎಂದು ನಕ್ಕು, ಕೆಲಸವಿದೆ ಎಂದು ಎದ್ದೆ.

ಅಜ್ಜ ಅಂಗಡಿಯೊಳಗಿಂದ ಕೇಳಿಸಿಕೊಂಡಿದ್ದರು. ನಾನು ಕಂಡಂತೆ ಅವರು ಸಿಟ್ಟಾದದ್ದು ಅದೊಂದೇ ಸಲ. "ಅವತ್ತು ಹೊಟ್ಟೆ ತುಂಬಿದೋನ ಬಾಯಿಗೆ ತುರುಕಿದ್ರಿ. ಇವತ್ತು ಹಸಿದೋನು ಕೈ ಒಡ್ಡಿದ್ರೆ ಇಲ್ಲ ಅಂದ್ರಿ. ಎರಡು ಸಲಾನೂ ನೀವು ನೋಡಿದ್ದು ನಿಮ್ಮನ್ನೇ." ಆಮೇಲೆ ಅವರೇ ಗ್ಯಾರೇಜಿಗೆ ಹೋಗಿ ಸಾಬರ ಪಕ್ಕ ಟೈರಿನ ಮೇಲೆ ಕೂತರು. ಏನು ಹೇಳಿದರೋ ನಾನು ಕೇಳಲಿಲ್ಲ. ನಾಚಿಕೆಯಿಂದ ಹತ್ತಿರ ಹೋಗಲಾಗಲಿಲ್ಲ. ಇಬ್ಬರೂ ಬಹಳ ಹೊತ್ತು ಕೂತಿದ್ದರು. ಸಾಬರ ಹೆಂಡತಿ ಗುಣವಾಗಿ ಮನೆಗೆ ಬಂದಳು. ಸಾಬರು ಇವತ್ತಿಗೂ ಶುಕ್ರವಾರ ತಪ್ಪದೆ ಮಸೀದಿಗೆ ಹೋಗುತ್ತಾರೆ, ಅಜ್ಜನ ಮಾತು ಬಂದರೆ ಕಣ್ಣು ತುಂಬಿಕೊಳ್ಳುತ್ತಾರೆ.

ಕೊನೆಯ ವರ್ಷ ಅಜ್ಜನ ಕಣ್ಣಿಗೇ ಯಾವ ಗಾಜೂ ಹೊಂದದಾಯಿತು. ನಾನು ಸಂಜೆ ಹೋಗಿ ಓದಿ ಹೇಳುತ್ತಿದ್ದೆ. ಮೊದಲ ದಿನ ನೇರವಾಗಿ ವೇದಪುಸ್ತಕ ತೆರೆಯಲು ಹೋದವನು ತಡೆದು, ಏನು ಓದಲಿ ನಿಮಗೆ ಎಂದು ಕೇಳಿದೆ. ಅವರ ಮುಖ ಅರಳಿತು. "ಮೊದ್ಲು ಮಾರ್ಕೆಟ್ಟಿನಾಗೆ ಶೇಂಗಾ ರೇಟು ಎಷ್ಟೈತೆ ನೋಡ್ರಿ. ಆಮ್ಯಾಲೆ ಸುವಾರ್ತೆ" ಎಂದರು. ಶೇಂಗಾ ಬೆಳೆದವರಲ್ಲ, ಮಾರಿದವರಲ್ಲ. ಅಂಗಡಿಗೆ ಬರುವ ರೈತರ ಮುಖ ಆ ದಿನ ಹೇಗಿದ್ದೀತೆಂದು ತಿಳಿಯುವುದು ಅವರಿಗೆ ಬೇಕಿತ್ತು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮೊಳಕಾಲ್ಮುರಿನಿಂದ ಮೊದಲ ಬಸ್ಸಿಗೇ ಆ ನೇಕಾರ ಬಂದ. ಅವನ ಕನ್ನಡಕದ ಗಾಜು ಅಷ್ಟರಲ್ಲಿ ಎರಡು ಸಲ ಬದಲಾಗಿತ್ತು. ಅವನ ಮೂಗಿನ ಪಕ್ಕದಲ್ಲೂ ಸಣ್ಣ ಕುಳಿ ಬಿದ್ದಿತ್ತು. ಅವನು ನಮ್ಮವನಾಗಿರಲಿಲ್ಲ. ಪ್ರತಿ ವರ್ಷ ಅವ್ವನನ್ನು ಕರೆದುಕೊಂಡು ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗಿಬರುವವನು. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ, ಜನ ಚದುರುವವರೆಗೆ ಬೇವಿನ ನೆರಳಲ್ಲಿ ಕಾದು, ನನ್ನ ಹತ್ತಿರ ಬಂದ.

"ತಾತ ಈಗ ಎಲ್ಲಿಗೆ ಹೋದ್ರು ಅಂತ ನೀವು ನಂಬ್ತೀರಿ ಪಾಸ್ಟ್ರೇ? ಅವ್ವ ಕೇಳ್ಕಂಡು ಬಾ ಅಂದ್ಲು."

ನಾನು ಹೇಳಿದೆ. ನಾವು ಏನು ನಂಬುತ್ತೇವೆ, ಯಾರನ್ನು ನಂಬುತ್ತೇವೆ, ಈ ಮಣ್ಣು ಕೊನೆಯಲ್ಲ ಎಂದು ಯಾಕೆ ನಂಬುತ್ತೇವೆ ಎಂದು, ಐದಾರು ಮಾತಿನಲ್ಲಿ, ಅಳು ಬಂದಲ್ಲಿ ಅತ್ತು, ಹೇಳಿದೆ. ಅವನು ಕೇಳಿದ್ದಕ್ಕೆ ಉತ್ತರ ಮುಗಿಯಿತು ಎನ್ನಿಸಿದ ಕೂಡಲೇ ನಿಲ್ಲಿಸಿದೆ. ಹೇಳುವುದನ್ನು ಕಲಿಯಲು ನನಗೆ ನಾಲ್ಕು ವರ್ಷದ ಓದು ಸಾಕಾಗಿತ್ತು. ನಿಲ್ಲಿಸುವುದನ್ನು ಕಲಿಯಲು ಆ ಮುದುಕನ ಪೆಟ್ಟಿಗೆ ಹೊರಬೇಕಾಯಿತು.

ನೇಕಾರ ಕನ್ನಡಕ ತೆಗೆದು ಟವೆಲಿನ ಚುಂಗಿನಿಂದ ಒರೆಸಿಕೊಂಡ. ಅಜ್ಜ ಒಪ್ಪದಾಗ ಮಾಡುತ್ತಿದ್ದುದೂ ಅದನ್ನೇ. ಅವನು ಕನ್ನಡಕ ಮತ್ತೆ ಹಾಕಿಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಅವ್ವಂಗೆ ಹೇಳ್ತೀನಿ" ಎಂದ. "ಈ ಸಲ ವಾಪಸ್ ಕಳ್ಸಲ್ಲ ಬಿಡ್ರಿ."