ಯಂತ್ರದೊಳಗಿನ ಪೀಪಿ ಮೇಷ್ಟ್ರು

ಸಂಗೀತವೆಂಬುದು ತಾವು ಹೋಟೆಲಿನ ಬ್ಯಾಂಡಿಗೆ ಸೇರಿದ ವರ್ಷವೇ ಪರಿಪೂರ್ಣವಾಯಿತು, ಆಮೇಲೆ ಬಂದದ್ದೆಲ್ಲ ಬರೀ ಗಲಾಟೆ ಎಂಬುದರಲ್ಲಿ ಪೀಪಿ ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿದರೆ, ಕಾಕತಾಳೀಯ ಇರಬಹುದು ಎಂದು ವಿನಯದಿಂದ ತಲೆ ತಗ್ಗಿಸುತ್ತಿದ್ದರು. ವಿನಯ ಅವರಲ್ಲಿ ಧಾರಾಳವಾಗಿತ್ತು. ಅದನ್ನು ಅವರೇ ಆಗಾಗ ಎಲ್ಲರಿಗೂ ನೆನಪಿಸುತ್ತಿದ್ದರು.

ಅವರು ಯಾರಿಗೂ ಒಂದು ಸ್ವರವನ್ನೂ ಕಲಿಸಿದವರಲ್ಲ. ಆದರೆ ಎದುರಿಗೆ ಸಿಕ್ಕವರನ್ನೆಲ್ಲ ತಿದ್ದುವ ಚಟವಿದ್ದುದರಿಂದ ಮೇಷ್ಟ್ರಾದರು. "ಪೀಪಿ ಅನ್ಬೇಡಿ, ಇದು ಕ್ಲಾರಿನೆಟ್" ಎಂದು ಹೋಟೆಲಿನ ಅಡುಗೆಯವರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರನ್ನೂ ತಿದ್ದಿ ತಿದ್ದಿ, ಕೊನೆಗೆ ಪೀಪಿ ಮೇಷ್ಟ್ರು ಎಂಬ ಹೆಸರು ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿತು.

ಆಗ ಜಾಜ್ ಸಂಗೀತದ ಕಾಲ. ನೃತ್ಯಶಾಲೆಯ ಮರದ ನೆಲ ಸಂಜೆಯಾದರೆ ಗುಡುಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಬರೆದಿಟ್ಟ ಹಾಡಿನ ದಾರಿ ಬಿಟ್ಟು ಅಕ್ಕಪಕ್ಕದ ಗಲ್ಲಿಗಳಿಗೆಲ್ಲ ನುಗ್ಗಿ ಮತ್ತೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಅದೇ ಹೋಟೆಲಿನಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೆ ದೊಡ್ಡ ಪಿಟೀಲಿನಂಥ ಚೆಲ್ಲೋದಲ್ಲಿ ಹಳೆಯ ನೃತ್ಯದ ಹಾಡುಗಳನ್ನು ನುಡಿಸುತ್ತಿದ್ದ ತಾತ ಇದನ್ನು ಕೇಳಿ, "ಅಟ್ಟದ ಮೇಲಿಂದ ಪಾತ್ರೆ ಉರುಳಿಸಿದ ಹಾಗಿದೆ" ಎಂದಿದ್ದ. ಬ್ಯಾಂಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.

ಹತ್ತು ಹನ್ನೆರಡು ವರ್ಷ ಕಳೆಯಿತು. ಕರೆಂಟಿಗೆ ಕಟ್ಟಿದ ಗಿಟಾರುಗಳನ್ನು ಹೊತ್ತು, ತಲೆ ಬಾಚದ ಹುಡುಗರ ತಂಡಗಳು ಬಂದವು. ಮೇಷ್ಟ್ರು ಕಿವಿ ಮುಚ್ಚಿಕೊಂಡು, "ಅಟ್ಟದ ಮೇಲಿಂದ ಪಾತ್ರೆ ಉರುಳಿಸಿದ ಹಾಗಿದೆ" ಎಂದರು. ಮಾತು ಎಲ್ಲೋ ಕೇಳಿದಂತಿದೆ ಎಂದು ಅವರಿಗೆ ಅನ್ನಿಸಲಿಲ್ಲ.

"ಗೋಡೆಗೆ ಸಿಕ್ಕಿಸಿದ್ರೆ ಮಾತ್ರ ನುಡಿಯೋದು ವಾದ್ಯ ಅಲ್ಲ ಕಣೇ, ಇಸ್ತ್ರಿಪೆಟ್ಟಿಗೆ" ಎಂದು ಹೆಂಡತಿಗೆ ಹೇಳಿದರು.

ಹೆಂಡತಿ ಅದೇ ಬ್ಯಾಂಡಿನಲ್ಲಿ ಪಿಯಾನೊ ನುಡಿಸುತ್ತಿದ್ದಳು. ಅವಳ ತಮ್ಮ ಡ್ರಮ್ ಬಾರಿಸುತ್ತಿದ್ದ. ಹೀಗಾಗಿ ಮೇಷ್ಟ್ರ ಸಂಸಾರವೂ ಉದ್ಯೋಗವೂ ಒಂದೇ ವೇದಿಕೆಯ ಮೇಲೆ ನಡೆಯುತ್ತಿದ್ದವು. ಮನೆಯಲ್ಲಿ ಬಾಕಿ ಉಳಿದ ಜಗಳವನ್ನು ಇಬ್ಬರೂ ಅಲ್ಲಿ ಮುಗಿಸುತ್ತಿದ್ದರು. ಅವರು ಬೇಕೆಂದೇ ಉದ್ದಕ್ಕೆ ಎಳೆದರೆ, ಇವಳು ಬೇಕೆಂದೇ ಹಾಡು ಮುಗಿಸಿಬಿಡುತ್ತಿದ್ದಳು. ಕುಣಿಯುವವರು ಅದನ್ನೂ ಶೈಲಿ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ನಡುವೆ ಒಮ್ಮೆ ಮೇಷ್ಟ್ರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸೇವೆ ಮಾಡುವ ಯೋಗವೂ ಕೂಡಿಬಂತು. ಪುರಭವನದ ವಾದ್ಯವೃಂದದಲ್ಲಿ ಕ್ಲಾರಿನೆಟ್‌ನವನಿಗೆ ಗಂಟಲು ಕಟ್ಟಿತ್ತಂತೆ. ಕರಿ ಕೋಟು ಇಸ್ತ್ರಿ ಮಾಡಿಸಿಕೊಂಡು ಮೇಷ್ಟ್ರು ಹೋದರು. ಹೊಸ ಕೃತಿಯ ಕರ್ತೃ, ಒಬ್ಬ ತೆಳ್ಳಗಿನ ಮನುಷ್ಯ, ಇನ್ನು ಮುಂದೆ ಹನ್ನೆರಡು ಸ್ವರಗಳಿಗೂ ಸಮಾನ ಹಕ್ಕು, ಯಾವುದೂ ಯಜಮಾನನಲ್ಲ ಎಂದು ವಿವರಿಸಿದ. ಆಮೇಲೆ ಮೇಷ್ಟ್ರಿಗೆ ವಾದ್ಯವನ್ನು ಬಿಚ್ಚಿ, ಬಾಯಿಗಿಡುವ ತುಂಡನ್ನು ಮಾತ್ರ ಊದುವಂತೆ ಹೇಳಿದ.

"ಉಳಿದದ್ದನ್ನ ಏನು ಮಾಡ್ಲಿ ಸ್ವಾಮಿ?"

"ಮಡಿಲಲ್ಲಿಟ್ಕೊಳ್ಳಿ. ಅದರ ಮೌನವೂ ಕೃತಿಯ ಭಾಗ."

ಮೌನದ ಭಾಗವನ್ನು ತಾವು ತುಂಬಾ ಚೆನ್ನಾಗಿ ನುಡಿಸಿದ್ದಾಗಿ ಮೇಷ್ಟ್ರು ಮನೆಗೆ ಬಂದು ಹೇಳಿದರು. ಆವತ್ತಿನಿಂದ 'ಪ್ರಯೋಗ' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅವರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು.

ಕಾಲ ಹೀಗೆ ಕೈಕೊಡುತ್ತಿರುವಾಗ, ವಾದ್ಯ ತಯಾರಿಸುವ ಒಂದು ಕಂಪನಿಯಿಂದ ಇಬ್ಬರು ಬಂದರು. ಮೇಷ್ಟ್ರ ಕ್ಲಾರಿನೆಟ್ಟಿನ ದನಿಯನ್ನು ಧ್ವನಿಮುದ್ರಿಸಿಕೊಳ್ಳಬೇಕಂತೆ. ಹಾಡಲ್ಲ, ಒಂದೊಂದೇ ಸ್ವರ, ಮೆಲ್ಲಗೆ ಒಮ್ಮೆ, ಸಾಧಾರಣವಾಗಿ ಒಮ್ಮೆ, ಜೋರಾಗಿ ಒಮ್ಮೆ. ಗೋಡೆಗೆಲ್ಲ ಮೊಟ್ಟೆಯ ತಟ್ಟೆಗಳಂಥ ಉಬ್ಬುತಗ್ಗಿನ ಸ್ಪಂಜು ಅಂಟಿಸಿದ ಕೋಣೆಯಲ್ಲಿ ನಿಂತು ಮೇಷ್ಟ್ರು ಊದಿದರು. ಗಾಜಿನಾಚೆ ಕುಳಿತವರು ಉಸಿರು ಬಿಗಿಹಿಡಿದು ಕೇಳಿದರು. ನೃತ್ಯಶಾಲೆಯಲ್ಲಿ ಜನ ತಮ್ಮ ಸಂಗೀತದ ಮೇಲೆ ತಟ್ಟೆ ಚಮಚೆ ಕುಟ್ಟುವುದನ್ನೇ ಕೇಳಿದ್ದ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

"ಒಂದು ಸ್ವರವನ್ನ ಇಷ್ಟು ಶ್ರದ್ಧೆಯಿಂದ ಕೇಳೋರು ಇನ್ನೂ ಇದಾರಲ್ಲ!" ಎಂದು ಮನೆಯಲ್ಲಿ ಹಿಗ್ಗಿದರು.

"ಯಾಕಂತೆ ಅದು?" ಎಂದಳು ಹೆಂಡತಿ.

"ಮುಂದಿನವರಿಗೆ ಬೇಕಂತೆ. ಹೀಗೊಬ್ಬ ಇದ್ದ ಅಂತ ಗೊತ್ತಾಗ್ಲಿ ಅಂತ."

ಮುಂದಿನವರು ಬಹಳ ಬೇಗ ಬಂದರು. ಹೋಟೆಲಿನ ಮ್ಯಾನೇಜರು ಒಂದು ಸಂಜೆ ವೇದಿಕೆಯ ಮೇಲೆ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಇಳಿಸಿದ. ಕೀಬೋರ್ಡು. ತುತ್ತೂರಿಯವನು, ಬಾಸ್ ನುಡಿಸುವವನು, ಡ್ರಮ್‌ನವನು ಎಲ್ಲರೂ ಅದರೊಳಗೇ ಇದ್ದಾರೆ, ಯಾರಿಗೂ ಊಟ ಹಾಕಬೇಕಾಗಿಲ್ಲ ಎಂದು ಸಂತೋಷದಿಂದ ಘೋಷಿಸಿದ. ಹೆಂಡತಿ ಸುಮ್ಮನೆ ಒಂದು ಗುಂಡಿ ಒತ್ತಿ, ಒಂದು ಸ್ವರದ ಮನೆಯನ್ನು ಅದುಮಿದಳು. ಪೆಟ್ಟಿಗೆಯಿಂದ ಪೀಪಿ ಮೇಷ್ಟ್ರು ಹೊರಬಂದರು.

ಗುರುತು ತಪ್ಪಲು ಸಾಧ್ಯವೇ ಇರಲಿಲ್ಲ. ಸ್ವರ ಹೊರಡುವ ಮುನ್ನ ಅವರು ಎಳೆದುಕೊಳ್ಳುತ್ತಿದ್ದ ಚಿಕ್ಕ ಉಸಿರು ಕೂಡ ಇತ್ತು. ಮೇಷ್ಟ್ರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. ಹೆಂಡತಿ ಇನ್ನೆರಡು ಸಾಲು ನುಡಿಸಿ ನೋಡಿದಳು.

"ರೀ, ಇದರಲ್ಲಿ ನೀವು ಒಂದು ಸಲಾನೂ ತಾಳ ತಪ್ಪಲ್ಲ. ನಾನು ನಿಲ್ಲಿಸಿದ್ರೆ ನಿಲ್ಲಿಸ್ತೀರ."

"ಬಂದ್ ಮಾಡೇ ಅದನ್ನ!"

ಅವಳು ಬಂದ್ ಮಾಡಿದಳು. ಅವರು ಬಂದ್ ಆದರು.

ಬ್ಯಾಂಡು ಚದುರಿತು. ಪೆಟ್ಟಿಗೆ ನುಡಿಸಲು ಹೆಂಡತಿಯೊಬ್ಬಳನ್ನು ಮಾತ್ರ ಮ್ಯಾನೇಜರು ಉಳಿಸಿಕೊಂಡ. ಭಾಮೈದನೇನೂ ಎದೆಗುಂದಲಿಲ್ಲ. ಡ್ರಮ್ಮುಗಳನ್ನು ಮಾರಿ, ಕೀಬೋರ್ಡು ಮಾರುವ ಅಂಗಡಿಗೇ ಕೆಲಸಕ್ಕೆ ಸೇರಿಕೊಂಡ. "ಕಾಲಕ್ಕೆ ತಕ್ಕ ಹಾಗೆ ಬದಲಾಗ್ಬೇಕು ಭಾವ. ಗಿರಾಕಿಗಳಿಗೆ ನಾನು ಮೊದಲು ತೋರಿಸೋದೇ ನಿಮ್ಮ ಗುಂಡೀನ" ಎಂದು ಸಮಾಧಾನ ಹೇಳಿದ. ಮೇಷ್ಟ್ರು ಅವನ ಜೊತೆ ಕೆಲವು ಕಾಲ ಮಾತು ಬಿಟ್ಟರು. ಅಷ್ಟರಲ್ಲಿ ಹಲ್ಲುಪುಡಿಯ ಜಾಹೀರಾತಿನಲ್ಲಿ ಅವರು ನುಡಿಯತೊಡಗಿದರು, ದೊಡ್ಡ ಅಂಗಡಿಯ ಲಿಫ್ಟಿನಲ್ಲಿ ನುಡಿಯತೊಡಗಿದರು, ದಂತವೈದ್ಯರ ಕೋಣೆಯಲ್ಲಿ ಬಾಯಿ ಅಗಲಿಸಿ ಮಲಗಿದ್ದಾಗ ತಲೆಯ ಮೇಲಿನ ಸ್ಪೀಕರಿನಿಂದ ತಮ್ಮನ್ನೇ ತಾವು ಕೇಳಿದರು. ಒಂದು ಕಾಲದಲ್ಲಿ ಅವರಿಗೆ ಬೇಕಾಗಿದ್ದ ಕೀರ್ತಿಯೆಲ್ಲ ಬಂದಿತ್ತು. ಅವರನ್ನು ಮಾತ್ರ ಕರೆದಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಮ್ಯಾನೇಜರೇ ಮನೆಗೆ ಬಂದ.

"ಮೇಷ್ಟ್ರೇ, ವೇದಿಕೆ ಭಣಭಣ ಅಂತಿದೆ. ಅಮ್ಮಾವ್ರು ಒಬ್ಬರೇ ಕೂತಿರ್ತಾರೆ. ನೀವೂ ಬನ್ನಿ."

ಮೇಷ್ಟ್ರು ಎದೆ ಉಬ್ಬಿಸಿದರು. "ಯಂತ್ರ ಎಷ್ಟಾದ್ರೂ ಯಂತ್ರಾನೇ ಅಂತ ಗೊತ್ತಾಯ್ತಲ್ಲ."

"ಹೌದು ಹೌದು. ಆದ್ರೆ ಊದ್ಬೇಡಿ. ದನಿ ಪೆಟ್ಟಿಗೆಯಿಂದ ಬರುತ್ತೆ. ನೀವು ಹಿಡ್ಕೊಂಡು ನಿಂತು ಕೆನ್ನೆ ಉಬ್ಬಿಸಿದ್ರೆ ಸಾಕು. ಜನಕ್ಕೆ ನೋಡೋಕೆ ಏನಾದ್ರೂ ಬೇಕು."

ಅವನನ್ನು ಹೊರಗೆ ದಬ್ಬಬೇಕೆಂದು ಮೇಷ್ಟ್ರು ಎದ್ದರು. ಆದರೆ ಕಾಲು ಕೋಟು ನೇತುಹಾಕಿದ್ದ ಗೂಟದ ಕಡೆಗೆ ನಡೆಯಿತು. ಆ ವೇದಿಕೆಯ ಬೆಳಕಿಲ್ಲದೆ ಇಷ್ಟು ದಿನ ಹೇಗೆ ಕಳೆದರೆಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ಹೆಂಡತಿಗೂ ಗೊತ್ತಿತ್ತು, ಅವಳು ಆವತ್ತು ಯಾವ ಕೊಂಕೂ ಆಡದೆ ಕೋಟಿನ ಧೂಳು ಕೊಡವಿಕೊಟ್ಟಳು.

ಕೆನ್ನೆ ಉಬ್ಬಿಸುವುದನ್ನು ಮೇಷ್ಟ್ರು ಕನ್ನಡಿಯ ಮುಂದೆ ಸಾಧನೆ ಮಾಡಿದರು. ಅದರಲ್ಲೂ ಅವರದು ಎತ್ತಿದ ಕೈ. ಕುಣಿಯುವವರಲ್ಲಿ ಕೆಲವರು ಹತ್ತಿರ ಬಂದು, "ಈಗ ನೀವು ಮೊದಲಿಗಿಂತ ಚೆನ್ನಾಗಿ ನುಡಿಸ್ತೀರಿ" ಎಂದರು.

ಒಂದು ಶನಿವಾರ ಹೆಂಡತಿ ಒಂದು ನಿಧಾನದ ಹಾಡು ಎತ್ತಿಕೊಂಡಳು. ಮದುವೆಗೆ ಮುಂಚೆ ಇಬ್ಬರೂ ಸೇರಿ ನುಡಿಸುತ್ತಿದ್ದ ಹಾಡು. ಅದರ ನಡುವೆ ಒಂದು ಸ್ವರಕ್ಕೆ ಮೇಷ್ಟ್ರು ಎಂದೂ ನೇರವಾಗಿ ಹೋದವರಲ್ಲ. ಕೆಳಗಿನಿಂದ ಜಾರುತ್ತ, ಸ್ವಲ್ಪ ತಡವಾಗಿ ತಲುಪುತ್ತಿದ್ದರು. ಪೆಟ್ಟಿಗೆಯೊಳಗಿನ ಮೇಷ್ಟ್ರು ಗುಮಾಸ್ತನಂತೆ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತರು. ಹೊರಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಭ್ಯಾಸ ಬಲದಿಂದ ತಿದ್ದಲು ಹೋದರು. ಊದಿಬಿಟ್ಟರು.

ವಾದ್ಯ ಬೆಚ್ಚಗಾಗಿರಲಿಲ್ಲ. ಹಾಗಾಗಿ ಶ್ರುತಿ ಕೂದಲೆಳೆಯಷ್ಟು ಕೆಳಗಿತ್ತು. ಒಬ್ಬನೇ ಮನುಷ್ಯನ ಎರಡು ದನಿಗಳು ಒಂದಕ್ಕೊಂದು ಉಜ್ಜಿಕೊಂಡು, ಜೇನುಗೂಡಿಗೆ ಕಲ್ಲೆಸೆದ ಹಾಗೆ ಗುಂಯ್‌ಗುಡತೊಡಗಿದವು. ಕುಣಿಯುವವರು ನಿಂತರು. ಮ್ಯಾನೇಜರು ಕಂಬದ ಮರೆಯಿಂದ ಎರಡೂ ಕೈ ಬೀಸಿದ. ಹೆಂಡತಿ ಗಂಡನ ಮುಖ ನೋಡಿದಳು, ನಿಲ್ಲಿಸಲಿಲ್ಲ. ಹಾಡು ಮುಗಿಯುವವರೆಗೂ ಮೇಷ್ಟ್ರು ತಮ್ಮ ಜೊತೆಗೇ ಜಗಳವಾಡಿದರು.

ಕೆಲಸ ಹೋಯಿತೆಂದೇ ಅಂದುಕೊಂಡು ಇಬ್ಬರೂ ಮನೆಗೆ ನಡೆದರು. ಆದರೆ ಮೂಲೆಯ ಮೇಜಿನಲ್ಲಿ ಪತ್ರಿಕೆಯೊಂದರ ಸಂಗೀತ ವಿಮರ್ಶಕ ಕುಳಿತಿದ್ದ. ಮನುಷ್ಯ ಮತ್ತು ಯಂತ್ರದ ನಡುವಿನ ಬಿರುಕನ್ನು ಒಬ್ಬ ಹಿರಿಯ ಕಲಾವಿದ ನಿರ್ಭಯವಾಗಿ ನಾದಕ್ಕಿಳಿಸಿದ್ದಾರೆ, ಇದು ಶತಮಾನದ ಕೊನೆಯ ಪ್ರಯೋಗಗಳಲ್ಲೆಲ್ಲ ದಿಟ್ಟವಾದದ್ದು ಎಂದು ಅವನು ಬರೆದ. ಮರುವಾರ ನೃತ್ಯಶಾಲೆ ತುಂಬಿತು. ಕನ್ನಡಕದ ಯುವಕರು ಬಂದು ಕುಣಿಯದೆ, ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಮ್ಯಾನೇಜರು ಬಾಗಿಲಿಗೇ ಬಂದು ಕೈ ಹಿಡಿದುಕೊಂಡ.

"ಮೇಷ್ಟ್ರೇ, ಆವತ್ತಿನ ಹಾಗೇ ತಪ್ಪಾಗಿ ನುಡಿಸ್ಬೇಕು. ಅಷ್ಟೇ ತಪ್ಪು. ಜಾಸ್ತೀನೂ ಬೇಡ, ಕಮ್ಮೀನೂ ಬೇಡ."

ಜೀವಮಾನವೆಲ್ಲ ಶ್ರುತಿಗೆ ಸೇರಲು ಹೆಣಗಿದ್ದ ಮೇಷ್ಟ್ರು ಈಗ ಬೆಳಗಿನ ಹೊತ್ತು ಶ್ರುತಿ ತಪ್ಪಲು ಸಾಧನೆ ಶುರುಮಾಡಿದರು. ಅಡುಗೆಮನೆಯಿಂದ ಹೆಂಡತಿ ಕೂಗಿದಳು:

"ಅದಕ್ಕೆ ಯಾಕ್ರೀ ಅಷ್ಟು ಕಷ್ಟ? ನೀವು ಸಹಜವಾಗಿ ನುಡಿಸಿ, ಸಾಕು."

ಮೊದಮೊದಲು ಮೇಷ್ಟ್ರಿಗೆ ನಾಚಿಕೆಯಾಗುತ್ತಿತ್ತು. ಆದರೆ ಹೊಗಳಿಕೆಯನ್ನು ತಾಳಿಕೊಳ್ಳುವ ಶಕ್ತಿ ಅವರಿಗೆ ಹುಟ್ಟಿನಿಂದಲೇ ಇತ್ತು. ಕ್ರಮೇಣ ಅವರು ಸಂಗೀತ ಶಾಲೆಗಳಿಗೆ ಹೋಗಿ 'ನಾದದ ನಾಳೆ' ಎಂಬ ವಿಷಯದ ಮೇಲೆ ಮಾತನಾಡತೊಡಗಿದರು. ಹಳೆಯದಕ್ಕೆ ಜೋತುಬಿದ್ದವರನ್ನು ಕಂಡರೆ ಮರುಕವಾಗುತ್ತದೆ ಎನ್ನುತ್ತಿದ್ದರು. ಆ ಶನಿವಾರ ತಾವು ಊದಿದ್ದು ವರ್ಷಗಟ್ಟಲೆ ಯೋಚಿಸಿ ತೆಗೆದುಕೊಂಡ ತೀರ್ಮಾನ ಎಂದು ಅವರು ಎಷ್ಟು ಸಲ ಹೇಳಿದರೆಂದರೆ, ಕೊನೆಗೆ ಅವರೇ ನಂಬಿದರು. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಹೆಂಡತಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಭಾವುಕಳಾಗಿದ್ದಾಳೆ ಎಂದು ಜನ ಅಂದುಕೊಂಡರು.

ಆ ಸಂಭ್ರಮವೂ ಎರಡು ಮೂರು ವರ್ಷ ನಡೆದು ನಿಂತಿತು. ಇಬ್ಬರು ಹುಡುಗರು ಎರಡು ತಿರುಗುವ ತಟ್ಟೆಗಳ ಮೇಲೆ ಗ್ರಾಮಫೋನ್ ರೆಕಾರ್ಡುಗಳನ್ನಿಟ್ಟು, ಬೆರಳಿನಿಂದ ಹಿಂದಕ್ಕೆ ಮುಂದಕ್ಕೆ ಕೆರೆಯುವುದನ್ನೇ ಸಂಗೀತ ಮಾಡಿಕೊಂಡು ಬಂದರು. ಮ್ಯಾನೇಜರು ಮೇಷ್ಟ್ರಿಗೂ ಅವರ ಹೆಂಡತಿಗೂ ಹಾರ ಹಾಕಿ ಕಳಿಸಿಕೊಟ್ಟ. ಕೀಬೋರ್ಡನ್ನೂ ಜೊತೆಗೆ ಕೊಟ್ಟ. ಅದೂ ಹಳತಾಗಿತ್ತು.

ಮರುವರ್ಷ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಇನ್ನು ಊದಬಾರದು ಎಂದರು. ಮೇಷ್ಟ್ರು ವಾದವಿವಾದ ಮಾಡದೆ ತಲೆಯಾಡಿಸಿದ್ದು ಜೀವನದಲ್ಲಿ ಅದೊಂದೇ ಸಲ. ಅವರು ಅಷ್ಟು ಮೆತ್ತಗಾದದ್ದನ್ನು ನೋಡಿ ಹೆಂಡತಿಗೆ ಗಾಬರಿಯಾಯಿತು. ಮನೆಗೆ ಬಂದವಳೇ ಕೀಬೋರ್ಡಿನ ಹೊದಿಕೆ ಸರಿಸಿ, ಆ ನಿಧಾನದ ಹಾಡನ್ನು ಗಂಡನ ದನಿಯಲ್ಲೇ ನುಡಿಸಿದಳು. ಅವರ ಅಂದಿನ ಗಟ್ಟಿ ಉಸಿರು ಕೋಣೆ ತುಂಬಿತು.

"ಆ ಸ್ವರಕ್ಕೆ ಅಷ್ಟು ಬೇಗ ಹೋಗ್ಬಾರ್ದು ಕಣೇ" ಎಂದರು ಮೇಷ್ಟ್ರು, ಮಲಗಿದ್ದಲ್ಲಿಂದಲೇ. "ಕಾಯಿಸ್ಬೇಕು."

ಅವಳು ಮತ್ತೆ ಶುರುಮಾಡಿ, ಕಾದು ಅದುಮಿದಳು.

"ಇನ್ನೂ ಸ್ವಲ್ಪ."

ಅವಳು ಇನ್ನೂ ಸ್ವಲ್ಪ ಕಾದಳು. ಮೇಷ್ಟ್ರು ಎದ್ದು ಕುಳಿತರು. ಅಂದಿನಿಂದ ದಿನಾ ಮಧ್ಯಾಹ್ನ ಅವರು ಅವಳ ಪಕ್ಕ ಕುರ್ಚಿ ಎಳೆದುಕೊಂಡು ತಮ್ಮನ್ನು ತಾವು ತಿದ್ದತೊಡಗಿದರು, ಅವಳ ಬೆರಳುಗಳ ಮೂಲಕ. ಅವಳಿಗೆ ಬೇಜಾರಾದ ದಿನ ಪಕ್ಕದ ಕೊಳಲಿನ ಗುಂಡಿ ಒತ್ತಿಬಿಡುತ್ತಿದ್ದಳು. ಆಗ ಮೇಷ್ಟ್ರು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿ, ಯಾರೋ ಗುರುತಿಲ್ಲದ ಆ ಕೊಳಲಿನವನ ಮೇಲೆ ಹೊಟ್ಟೆಕಿಚ್ಚಿನಿಂದ ಕುದಿಯುತ್ತಿದ್ದರು.