ಒಂಬತ್ತು ಒತ್ತುವ ಮೊದಲು

ಬೆಳಿಗ್ಗೆಯಿಂದ ನನ್ನ ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿದೆ, ಪರದೆ ಮಾತ್ರ ಕದಲುತ್ತಿಲ್ಲ. ಮೇಲಿನ ಮನೆಯವರು ಟ್ಯಾಂಕ್ ತುಂಬಿದರೂ ಮೋಟರ್ ನಿಲ್ಲಿಸದೆ ನೀರು ಹರಿಸುತ್ತಾರೆಂದು ಬಿಲ್ಡಿಂಗಿನ ಸಂಘಕ್ಕೆ ದೂರು ಬರೆಯುತ್ತಿದ್ದೆ. ಇಂಥ ಹೊತ್ತಿನಲ್ಲಿ ನಿಮ್ಮ ಬೆರಳು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ನನ್ನದೂ ಪವರ್ ಬಟನ್ನಿಗೇ ಹೋಗುತ್ತಿತ್ತು, ಶಾಂತಮ್ಮ ನೆನಪಾಗದಿದ್ದರೆ.

ವಿಜಯನಗರದಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಶಾಂತಮ್ಮ ನೋಡಿಕೊಳ್ಳುತ್ತಿದ್ದರು. ಅವರು ಮೌಸ್ ಮುಟ್ಟುತ್ತಿದ್ದುದೇ ಕಡಿಮೆ. ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಬರೆದು, ಹೆಸರು ತಪ್ಪಿದ ಇನ್ನೂರು ಫೈಲುಗಳನ್ನು ಸರಿಮಾಡಿ, ಏನೂ ಆಗಿಲ್ಲವೆಂಬಂತೆ ಡಬ್ಬಿಯ ಅವಲಕ್ಕಿಗೆ ಕೈ ಹಾಕುತ್ತಿದ್ದರು. ಏನನ್ನೇ ಅಳಿಸುವ ಮುಂಚೆ ತಾವು ಯಾವ ಫೋಲ್ಡರಿನಲ್ಲಿದ್ದೇವೆಂದು ಕಂಪ್ಯೂಟರನ್ನೇ ಕೇಳುವುದು ಅವರ ಪದ್ಧತಿ. ಇಷ್ಟು ವರ್ಷವಾದ ಮೇಲೂ ಯಾಕೆ ಎಂದು ಛೇಡಿಸಿದರೆ, ಹಾಗೆ ಕೇಳಿದ್ದಕ್ಕೇ ಇಷ್ಟು ವರ್ಷ ಉಳಿದಿದ್ದು ಎನ್ನುತ್ತಿದ್ದರು. ನಾನೋ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದ ಮೇಲೆ ಯೋಚಿಸುವ ಗಿರಾಕಿ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಪ್ರಿನ್ಸಿಪಾಲರಿಗೆ ಪತ್ರ ಟೈಪ್ ಮಾಡುತ್ತಿದ್ದೆ. ಭಾಗ್ಯ ಎಂಬ ಹುಡುಗಿ ಮೊದಲ ಪೀರಿಯಡ್ಡಿಗೆ ದಿನವೂ ತಡ, ಬಂದರೂ ತೂಕಡಿಕೆ. ಈ ಸಲ ಅವಳನ್ನು ಪರೀಕ್ಷೆಗೆ ಕೂರಿಸಬಾರದು ಎಂದು. ಸಿಟ್ಟು ಬಂದಾಗ ನನ್ನ ಕನ್ನಡ ಬಹಳ ಚೆನ್ನಾಗಿರುತ್ತದೆ. ಎರಡು ಪುಟವಾಗಿತ್ತು, ಸೇವ್ ಮಾಡಿರಲಿಲ್ಲ, ಪರದೆ ನಿಂತೇಬಿಟ್ಟಿತು. ಸ್ವಿಚ್ಚಿಗೆ ಕೈ ಚಾಚಿದವನನ್ನು ಶಾಂತಮ್ಮ ತಡೆದರು.

ಪಕ್ಕದ ಕಂಪ್ಯೂಟರಿನಲ್ಲಿ ಕೂತು, ಅಲ್ಲಿಂದಲೇ ನನ್ನದರೊಳಗೆ ಹೊಕ್ಕು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದರು. ಒಂದೊಂದಕ್ಕೂ ಒಂದು ನಂಬರು. ಪ್ರಿಂಟರಿನದೊಂದು ಪ್ರೋಗ್ರಾಮು ಎಲ್ಲ ಶಕ್ತಿಯನ್ನೂ ನುಂಗಿ ಕೂತಿತ್ತು. ಅದರ ನಂಬರು ಹಿಡಿದು ನಿಲ್ಲು ಎಂದು ಬರೆದರು. ಅದು ಜಪ್ಪಯ್ಯ ಅನ್ನಲಿಲ್ಲ. ಆ ಆಜ್ಞೆಗೆ ಒಂಬತ್ತರ ಅಂಕಿ ಸೇರಿಸಿದರೆ ಎಂಥ ಪ್ರೋಗ್ರಾಮೂ ತಕ್ಷಣ ಸಾಯುತ್ತದಂತಲ್ಲ, ಸೇರಿಸಿ ಎಂದು ಅವಸರಪಡಿಸಿದೆ.

"ಸಾಯತ್ತೆ ಸಾರ್. ಆದ್ರೆ ಕೈಲಿರೋ ಕೆಲ್ಸ ಮುಗಿಸ್ಕೊಳೋಕೂ ಬಿಟ್ಟಂಗಾಗಲ್ಲ. ಮೊದ್ಲು ಮೆತ್ತಗೆ ಹೇಳ್ಬೇಕು. ಹೇಳಿ ಸ್ವಲ್ಪ ಕಾಯ್ಬೇಕು."

ಕಾದೆವು. ಅದು ತಾನಾಗಿಯೇ ಎದ್ದು ಹೋಯಿತು. ನನ್ನ ಪರದೆಗೆ ಜೀವ ಬಂತು, ಪತ್ರದಲ್ಲಿ ಒಂದಕ್ಷರವೂ ಕಳೆದಿರಲಿಲ್ಲ. ಎಂಥ ಹೆಂಗಸಪ್ಪ ಎಂದುಕೊಳ್ಳುವಷ್ಟರಲ್ಲಿ ಅವರು ಆ ಪತ್ರವನ್ನು ಓದಿಯೂ ಆಗಿತ್ತು.

"ಈ ಹುಡುಗೀಗೆ ಒಂದ್ಸಲ ಹೇಳಿ ನೋಡಿದ್ರಾ ಸಾರ್?"

ಹೇಳಿರಲಿಲ್ಲ. ನೇರ ಒಂಬತ್ತಕ್ಕೇ ಹೋಗಿದ್ದೆ. ನಾಚಿಕೆಯಾಯಿತು. ಪತ್ರ ಸೇವ್ ಮಾಡಿ, ಪ್ರಿಂಟ್ ಕೊಡದೆ ಎದ್ದೆ.

ಮರುದಿನ ಭಾಗ್ಯಳನ್ನು ಕರೆದು ಕೇಳಿದೆ. ವಿಜಯಪುರದ ಕಡೆಯವಳು. ಮಲ್ಲತ್ತಹಳ್ಳಿಯ ಒಂದು ಪಿಜಿಯ ಅಡುಗೆಮನೆಯಲ್ಲಿ ಬೆಳಗಿನ ಜಾವದಿಂದ ರೊಟ್ಟಿ ಬಡಿದು, ಅದೇ ಪಿಜಿಯಲ್ಲಿ ಉಳಿದುಕೊಂಡು ಕಾಲೇಜಿಗೆ ಬರುತ್ತಿದ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಸರ್ ಎಂದಳು. ಅವಳನ್ನು ಮಧ್ಯಾಹ್ನದ ಸೆಕ್ಷನ್ನಿಗೆ ಹಾಕಿಸಿದೆ. ಪರೀಕ್ಷೆ ಬರೆದಳು. ಎಷ್ಟು ಮಾರ್ಕ್ಸ್ ಬಂತೋ ಮರೆತಿದ್ದೇನೆ. ಮುಂದಿನ ಬೆಂಚಿನಲ್ಲಿ ಕಣ್ಣರಳಿಸಿ ಕೂರುತ್ತಿದ್ದುದು ನೆನಪಿದೆ.

ಈಗ ನಾನೂ, ಪರದೆ ನಿಂತಾಗಲೂ ಕೆಲಸ ಮಾಡುತ್ತವೆಂದು ಶಾಂತಮ್ಮ ಹೇಳಿಕೊಟ್ಟಿದ್ದ ಕೀಲಿಗಳನ್ನು ತಡಕಾಡಿ ಒತ್ತಿ ಕಪ್ಪು ಪರದೆ ತೆರೆದೆ. ಪಟ್ಟಿಯಲ್ಲಿ ತಂಟೆಕೋರನ ನಂಬರು ಹುಡುಕಿ ಮೆತ್ತಗೆ ಹೇಳಿದೆ. ಕೇಳಲಿಲ್ಲ. ಬೆರಳು ಒಂಬತ್ತರ ಮೇಲೆ ಸುಳಿಯಿತು. ಎದ್ದು ಹೋಗಿ ಟೀ ಮಾಡಿಕೊಂಡು ಬಂದೆ. ಅಷ್ಟರಲ್ಲಿ ಫ್ಯಾನು ಸುಮ್ಮನಾಗಿತ್ತು. ನನ್ನ ದೂರು ಹಾಗೇ ಇತ್ತು. ಸೇವ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು, ಮೇಲಿನ ಮನೆಯ ಬೆಲ್ ಒತ್ತಲು ಮೆಟ್ಟಿಲು ಹತ್ತಿದೆ.