ಮೇಡಂ ಮುಂದೆ ಹೇಳಬೇಕಾದ ಉತ್ತರಗಳು

ಮೇಸ್ತ್ರಿಗೆ ಆ ಕೌನ್ಸೆಲಿಂಗ್ ಮೇಡಂ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಲ್ಲಿ ನಡೆಯುವುದು ಇಂಥದ್ದು, ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ, ಅಳು ಬಂದರೆ ಹೆದರಬೇಡಿ ಎಂದು ಮೊದಲ ದಿನವೇ ಹೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು ಎಂಬುದು ಅವನ ತಕರಾರು. ಹಲ್ಲು ಕೀಳುವವನು ಕೂಡ ನೋಯುತ್ತದೆಂದು ಮುಂಚೆಯೇ ಹೇಳುತ್ತಾನೆ.

ಮೇಸ್ತ್ರಿಯದು ಬಸ್ಸುಗಳ ಟಿಂಕರಿಂಗ್ ಕೆಲಸ. ತಪಾಸಣೆಗೆ ಹೋಗುವ ಹಳೇ ಬಸ್ಸುಗಳು ಮೊದಲು ಅವನ ಶೆಡ್ಡಿಗೆ ಬರುತ್ತಿದ್ದವು. ತುಕ್ಕು ತಿಂದ ತಗಡಿಗೆ ಪಟ್ಟಿ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸಿದರೆ ಇನ್ಸ್‌ಪೆಕ್ಟರು ಒಂದು ಸುತ್ತು ಹಾಕಿ ಸೀಲು ಒತ್ತುತ್ತಿದ್ದ. ಮೇಸ್ತ್ರಿಗೆ ಓದು ಅಷ್ಟಕ್ಕಷ್ಟೇ, ಕೋಪ ಮೂಗಿನ ತುದಿಯಲ್ಲೇ. ಆದರೆ ಅವನ ಕೈದಾಟಿದ ಬಸ್ಸು ಫೇಲಾದದ್ದನ್ನು ಯಾರೂ ಕಂಡಿರಲಿಲ್ಲ.

ಗಂಡಹೆಂಡಿರಿಗೆ ಇದ್ದದ್ದು ಒಬ್ಬಳೇ ಮಗಳು. ಒಂದು ಬೆಳಿಗ್ಗೆ ಮೈ ಸುಡುತ್ತಿದೆ ಎಂದಿತು ಮಗು. ಶಾಲೆ ತಪ್ಪಿಸುವ ನಾಟಕವೆಂದುಕೊಂಡು ತಾಯಿ ಬೆನ್ನಿಗೆ ಎರಡು ಬಿಟ್ಟು ಕಳಿಸಿದಳು. ಜ್ವರ ಮಿದುಳಿಗೇರಿ ಆ ವಾರವೇ ಮಗು ಹೋಯಿತು. ಆಮೇಲೆ ಹೆಂಡತಿ ಒಲೆ ಹಚ್ಚಿ, ಹಚ್ಚಿದ್ದನ್ನೇ ಮರೆತು ನಿಲ್ಲತೊಡಗಿದಳು. ಅವಳ ತಂಗಿ ಹಠ ಹಿಡಿದು ದೊಡ್ಡಾಸ್ಪತ್ರೆಯ ಮೇಡಂ ಹತ್ತಿರ ಕಳಿಸಿದಳು.

ಕೋಣೆಯೊಳಗೆ ಎರಡು ಬೆತ್ತದ ಕುರ್ಚಿ, ಕಿರುಗುಟ್ಟುವ ಫ್ಯಾನು. ಮೇಸ್ತ್ರಿ ಹೊರಗಿನ ಬೆಂಚಿನ ಮೇಲೆ. ಬಾಗಿಲ ಗಾಜಿನಲ್ಲಿ ಮೇಡಂ ಏನೋ ಬರೆದುಕೊಳ್ಳುವುದು ಕಂಡಿತು. ಬರೆದುಕೊಂಡರು ಎಂದಮೇಲೆ ತಪಾಸಣೆಯೇ ಎಂದು ಅವನು ತೀರ್ಮಾನಿಸಿದ. ಹೆಂಡತಿ ಕಣ್ಣೊರೆಸಿಕೊಂಡು ಹೊರಬಂದು, ಮುಂದಿನ ಸಲ ಮಗುವಿಗೆ ಹೊಡೆದದ್ದನ್ನೂ ಹೇಳಿಬಿಡುತ್ತೇನೆ ಎಂದಾಗ ಅವನು ಅವಳನ್ನು ಪಕ್ಕಕ್ಕೆ ಎಳೆದ.

"ಬಾಯಿ ಮುಚ್ಕೊಂಡಿರು ಕಣೇ. ಪೊಲೀಸಿಗೆ ಕೊಟ್ರೆ? ಹುಚ್ಚಿ ಅಂತ ಒಳಗೇ ಇಟ್ಕೊಂಡ್ರೆ? ನಿದ್ದೆ ಬರುತ್ತೆ, ಊಟ ಸೇರುತ್ತೆ ಅನ್ನು. ಬೇಗ ಬಿಟ್ಬಿಡ್ತಾರೆ."

ಅಲ್ಲಿಂದ ಪ್ರತಿ ಸಲ ಹೊರಡುವ ಮುಂಚೆ ಮನೆಯಲ್ಲಿ ಪಾಠ. ಅವನೇ ಮೇಡಂ ಆಗಿ ಪ್ರಶ್ನೆ ಕೇಳುವನು, ಅವಳು ತಡವರಿಸಿದರೆ ರೇಗುವನು. ನಗುವೂ ಹೆಚ್ಚಾಗಬಾರದು, ಅನುಮಾನ ಬರುತ್ತದೆ ಎಂದು ಬುದ್ಧಿ ಹೇಳಿದ. ಅವಳು ಎಲ್ಲವನ್ನೂ ಕಲಿತಳು. ಕೊನೆಗೊಂದು ದಿನ ಮೇಡಂ ಹೊರಗೆ ಬಂದು, ಚೆನ್ನಾಗಿ ಸುಧಾರಿಸಿದ್ದಾರೆ, ಇನ್ನು ಬರುವ ಅಗತ್ಯವಿಲ್ಲ ಎಂದಳು. ಪಾಸಾದೆ ನೋಡು ಎಂದು ಮೇಸ್ತ್ರಿ ಹೆಂಡತಿಯ ಬೆನ್ನು ತಟ್ಟಿದ.

ಮುಂದೆ ಯಾರ ಹತ್ತಿರವೂ ಅವಳು ಬಾಯಿ ಬಿಡಲಿಲ್ಲ. ಸೊರಗಿ ಕಡ್ಡಿಯಾದಳು. ತಂಗಿ ಬಂದು ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡಾಗ ಪಾಠದ ವಿಷಯ ಹೊರಬಿತ್ತು.

"ಅಕ್ಕನಿಗೂ ಪುಟ್ಟಿ ಮೆತ್ತಿದ್ರಾ ಭಾವ?" ಎಂದಳು ಅವಳು.

ಆ ಉರಿಯಲ್ಲೇ ಅವನು ಆಸ್ಪತ್ರೆಗೆ ಹೋಗಿ, ಇದೆಲ್ಲ ಏನೆಂದು ಮೊದಲೇ ಯಾಕೆ ಹೇಳಲಿಲ್ಲವೆಂದು ಮೊಗಸಾಲೆಯೆಲ್ಲ ಕೇಳುವಂತೆ ಕೂಗಾಡಿದ. ಮೇಡಂ ಒಳಗೆ ಕರೆದು ಹೆಂಡತಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂರಿಸಿದಳು.

"ಹೇಳ್ಬೇಕಿತ್ತು, ತಪ್ಪಾಯ್ತು. ಬರೋರೆಲ್ಲ ತಿಳ್ಕೊಂಡೇ ಬಂದಿರ್ತಾರೆ ಅಂದ್ಕೊಂಡಿದ್ದೆ. ಕರ್ಕೊಂಡು ಬನ್ನಿ, ಮೊದಲಿಂದ ಶುರು ಮಾಡೋಣ."

ತಪ್ಪಾಯಿತು ಎಂದವರ ಮೇಲೆ ಹೇಗೆ ಕೂಗುವುದೆಂದು ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕರೆದರೆ ಹೆಂಡತಿ ಜಪ್ಪಯ್ಯ ಎಂದರೂ ಏಳಲಿಲ್ಲ. ಹೋಗಲಿ, ನನಗಾದರೂ ಹೇಳು, ಕೇಳುತ್ತೇನೆ ಎಂದ. ಅವಳು ಅವನ ಕಡೆ ಹೊರಳಿದಳು.

"ಹೇಳ್ತೀನಿ ರೀ. ನೀವು ಮಧ್ಯೆ ಬಾಯಿ ಹಾಕ್ಬಾರ್ದು, ಅಷ್ಟೇ."

ಆಗಲಿ ಎಂದು ಮಾತು ಕೊಟ್ಟ. ಆದರೆ ಅವಳು, ಆವತ್ತು ಬೆಳಿಗ್ಗೆ ನಾನು, ಎಂದು ಶುರುಮಾಡಿದರೆ ಸಾಕು, ಅವನಿಗೆ ತಡೆಯಲಾಗುತ್ತಿರಲಿಲ್ಲ. ಅದರಲ್ಲಿ ನಿನ್ನ ತಪ್ಪೇನಿದೆ ಬಿಡು ಎಂದು ಬಾಯಿ ಹಾಕುತ್ತಿದ್ದ. ಅವಳು ಅಲ್ಲಿಗೇ ನಿಲ್ಲಿಸಿ ಗೋಡೆಯ ಕಡೆ ಹೊರಳುತ್ತಿದ್ದಳು. ಆ ಚಳಿಗಾಲ ಎದೆಗೆ ಕಫ ಕಟ್ಟಿ ಅವಳೂ ಹೋದಳು. ಬಾಯಿ ಹಾಕದೆ ಕೇಳುತ್ತೇನೆಂದು ಅವನು ಕೊಟ್ಟ ಮಾತು ಹಾಗೇ ತಲೆಯ ಮೇಲೆ ಉಳಿದಿದೆ. ತೀರಿಸೋಣವೆಂದರೆ ಹೇಳುವವಳೇ ಇಲ್ಲ.